ಹೊಳಪಿಲ್ಲದ ಬಟ್ಟಲಿಗೇನು ಕಡಿಮೆ?

ಖಾನಾಪುರದ ಕುಂಬಾರಿಕೆಗೆ ಹೆಸರಿದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಆದರೂ ಬೆಳಗಾವಿಯ ನಮ್ಮ ಮನೆಗಳಿಗೆ ಮಣ್ಣಿನದೆಂದರೆ ಬೇಸಿಗೆಯ ಹೂಜಿ ಮಾತ್ರ. ದಸ್ತರ್‌ಖಾನಿಗೆ ಬಣ್ಣಬಣ್ಣದ ಹೊಳಪಿನ ಬಟ್ಟಲೇ ಬೇಕು! ಅಗ್ಗದ ಹೊಳಪಿನಲ್ಲಿ ಸೀಸ ಇರಬಹುದು. ಹುಣಸೆ, ನಿಂಬೆಯ ಹುಳಿಗೆ ಅದು ಕರಗಿ ಊಟಕ್ಕೆ ಸೇರಿದರೆ ಮಕ್ಕಳ ಮೆದುಳಿಗೆ ಕೆಡುಕು. ಜಪಾನಿನ ಬಿಜೆನ್‌ನಲ್ಲಿ ಹೊಳಪು ಹಚ್ಚದೆ, ಸೌದೆ ಗೂಡಿನಲ್ಲಿ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹಲವು ದಿನ ಸುಟ್ಟ ಬಟ್ಟಲುಗಳನ್ನೇ ಊಟಕ್ಕೆ ಬಳಸುತ್ತಾರೆ. ಅವು ಕಲ್ಲಿನಂತೆ ಗಟ್ಟಿ. ನಮ್ಮ ಕೆಂಪು ಮಣ್ಣಿನದು ಕಡಿಮೆ ಕಾವಿನದು; ನೀರು ಹೀರುತ್ತದೆ, ಸೋಪನ್ನೂ ಹೀರುತ್ತದೆ. ಹಾಗಾಗಿ ಬಿಸಿನೀರು ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ. ಎಣ್ಣೆಯ ಸಾಲನ್‌ಗೆ ಬೇಡ. ರೊಟ್ಟಿ, ಖರ್ಜೂರ, ಹಣ್ಣಿಗೆ ಧಾರಾಳ ಬಳಸಿ. ಬೂಷ್ಟು ಹಿಡಿದದ್ದನ್ನು ಮುಲಾಜಿಲ್ಲದೆ ಎಸೆಯಿರಿ.