ವಾಲ್ಪಾರೈಯ ಲೈನ್‌ಮನೆಗಳು ಮತ್ತು ನಮ್ಮ ಶಾಲೆಯ ಹಾಜರಿ ಪುಸ್ತಕ

ದೇಶದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕನಿಷ್ಠ ವೇತನ, ಗ್ರಾಚ್ಯುಯಿಟಿ, ಮುಷ್ಕರದ ಹಕ್ಕು ಮುಂತಾದ ವಿಷಯಗಳು ಚರ್ಚೆಗೆ ಬಂದಷ್ಟು ಅವುಗಳೊಳಗಿನ ಮನೆಯ ಪ್ರಶ್ನೆ ಚರ್ಚೆಗೆ ಬರಲಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ಚಹಾ, ಕಾಫಿ, ರಬ್ಬರ್ ತೋಟಗಳಲ್ಲಿ ನೆಲೆಸಿದ ಕಾರ್ಮಿಕರಿಗೆ ಮತ್ತು ಅವರ ಕುಟುಂಬಕ್ಕೆ ವಾಸದ ಮನೆ ಒದಗಿಸುವುದನ್ನು ಮಾಲೀಕರ ಕರ್ತವ್ಯವೆಂದು ಸ್ಪಷ್ಟವಾಗಿ ಹೇಳಿತ್ತು. ಆ ಕಾಯಿದೆ ಈಗ ಪ್ರತ್ಯೇಕವಾಗಿ ಉಳಿದಿಲ್ಲ. ಮನೆ, ಕುಡಿಯುವ ನೀರು, ಶೌಚಾಲಯ, ಮಕ್ಕಳ ಶಿಕ್ಷಣ ಇವೆಲ್ಲ ಹೊಸ ಸಂಹಿತೆಯಲ್ಲಿಯೂ ಇವೆ. ಆದರೆ ಅವುಗಳ ವಿವರವನ್ನು ರಾಜ್ಯ ಸರಕಾರಗಳು ನಿಯಮಗಳ ಮೂಲಕ ನಿಗದಿಪಡಿಸಬೇಕು. ಮಾಲೀಕನು ಈ ಸೌಲಭ್ಯಗಳನ್ನು ಸ್ವಂತ ಖರ್ಚಿನಿಂದಲೋ, ಕೇಂದ್ರ, ರಾಜ್ಯ, ನಗರಸಭೆ ಅಥವಾ ಪಂಚಾಯತಿಗಳ ಯೋಜನೆಗಳ ಮೂಲಕವೋ ಒದಗಿಸಬಹುದು ಎಂಬ ಅವಕಾಶವೂ ಸೇರಿಕೊಂಡಿದೆ. ಇಷ್ಟು ಕಾಲ ಕಂಪನಿಯ ಕಚೇರಿಯಲ್ಲಿ ಇತ್ಯರ್ಥವಾಗುತ್ತಿದ್ದ ವಸತಿಯ ಪ್ರಶ್ನೆ ಇನ್ನು ಸ್ಥಳೀಯ ಸಂಸ್ಥೆಯ ಮೇಜಿನ ಮೇಲೂ ಬರಲಿದೆ. ಇದರ ಪರಿಣಾಮ ನೇರವಾಗಿ ತಟ್ಟುವ ಊರುಗಳಲ್ಲಿ ಕೊಯಮತ್ತೂರು ಜಿಲ್ಲೆಯ ವಾಲ್ಪಾರೈ ಒಂದು.

ವಾಲ್ಪಾರೈ ಕನ್ನಡದ ಊರಲ್ಲ. ಅಲ್ಲಿನ ತೋಟಗಳಲ್ಲಿ ತಮಿಳು, ಮಲಯಾಳಂ ಕೇಳಿಬರುತ್ತವೆ. ಈಚೆಗೆ ಝಾರ್ಖಂಡ್, ಅಸ್ಸಾಂಗಳಿಂದ ಬಂದವರ ಮಾತುಗಳೂ ಸೇರಿವೆ. ಆದರೂ ಕನ್ನಡ ಮಾಧ್ಯಮ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ನಾವು ಆ ಊರನ್ನು ಗಮನಿಸಬೇಕಾಗಿದೆ. ಕೊಯಮತ್ತೂರು ನಮಗೆ ಪರಕೀಯ ಜಿಲ್ಲೆಯೂ ಅಲ್ಲ. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಇದೇ ಜಿಲ್ಲೆಗೆ ಸೇರಿತ್ತು. ಈರೋಡಿನ ತಾಳವಾಡಿ ಸೀಮೆ 1979ರಲ್ಲಿ ಹೊಸ ಜಿಲ್ಲೆಯಾಗುವವರೆಗೂ ಇದರೊಳಗೇ ಇತ್ತು. ಕನ್ನಡ ಮನೆಮಾತಿನ ದೇವಾಂಗ ನೇಕಾರರು ಮತ್ತು ಒಕ್ಕಲಿಗ ರೈತರು ಇಂದಿಗೂ ಕೊಯಮತ್ತೂರು, ತಿರುಪ್ಪೂರು ಭಾಗಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಮನೆ ಕದಲಿದಾಗ ಸಮುದಾಯ ಹೇಗೆ ಕದಲುತ್ತದೆ ಎಂಬುದನ್ನು ವಾಲ್ಪಾರೈಯಷ್ಟು ಸ್ಪಷ್ಟವಾಗಿ ತೋರಿಸುವ ಊರು ಈ ಸುತ್ತಿನಲ್ಲಿ ಅಪರೂಪ.

ಕೆಲಸಕ್ಕೆ ಕಟ್ಟಿದ ಮನೆ

ಆಳಿಯಾರಿನಿಂದ ನಲವತ್ತು ತಿರುವುಗಳ ಘಾಟಿ ಹತ್ತಿದರೆ ವಾಲ್ಪಾರೈ ಪ್ರಸ್ಥಭೂಮಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಡು ಕಡಿದು ತೋಟ ಹಾಕಿದಾಗ ಬಯಲಿನಿಂದ ಕರೆತಂದ ಕಾರ್ಮಿಕರಿಗಾಗಿ ಸಾಲುಮನೆಗಳನ್ನು ಕಟ್ಟಲಾಯಿತು. ಕೊಡಗಿನವರು ಲೈನ್‌ಮನೆ ಎಂದು ಕರೆಯುವುದು ಇವನ್ನೇ. ಮನೆ ಕಂಪನಿಯದು, ನೆಲ ಕಂಪನಿಯದು ಅಥವಾ ಸರಕಾರದಿಂದ ಗುತ್ತಿಗೆಗೆ ಪಡೆದದ್ದು. ಮೂರು ತಲೆಮಾರು ಅಲ್ಲಿಯೇ ಹುಟ್ಟಿ ಬೆಳೆದ ಕುಟುಂಬಕ್ಕೂ ಆ ಮನೆಯ ಮೇಲೆ ಹಕ್ಕಿಲ್ಲ. ಹಳೆಯ ಕಾಯಿದೆ ಮನೆಯನ್ನು ಕೊಟ್ಟದ್ದು ಕೆಲಸದಲ್ಲಿರುವ ಕಾರ್ಮಿಕನಿಗೆ. ನಿವೃತ್ತನಿಗಾಗಲಿ, ಬೇರೆ ಉದ್ಯೋಗ ಹಿಡಿದ ಮಗನಿಗಾಗಲಿ ಅಲ್ಲ. ಸೇವೆ ಮುಗಿದ ದಿನ ಮನೆಯ ಆಸರೆಯೂ ಮುಗಿಯುತ್ತದೆ.

ಇದರ ಫಲವನ್ನು ಜನಗಣತಿಯಲ್ಲಿ ಓದಬಹುದು. 2001ರಲ್ಲಿ ಸುಮಾರು 95 ಸಾವಿರವಿದ್ದ ವಾಲ್ಪಾರೈ ನಗರಸಭೆಯ ಜನಸಂಖ್ಯೆ 2011ರಲ್ಲಿ 70,859ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ನಾಲ್ಕರಲ್ಲೊಂದು ಪಾಲು ಜನ ಕಡಿಮೆಯಾದರು. ಚಹಾ ಉದ್ಯಮದ ಬಿಕ್ಕಟ್ಟು, ಬಯಲಿನ ಗಿರಣಿಗಳ ಸೆಳೆತ, ಮುಂದಿನ ಪೀಳಿಗೆಯ ಓದು ಇವೆಲ್ಲವೂ ಇದಕ್ಕೆ ಕಾರಣ. ಆದರೆ ಸ್ವಂತದ್ದೆನ್ನುವ ಒಂದು ಸೂರು ಅಲ್ಲಿಯೇ ಸಿಗುವಂತಿದ್ದರೆ ಹೋದವರಲ್ಲಿ ಎಷ್ಟೋ ಮಂದಿ ಉಳಿಯುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಖಾಲಿಯಾದ ಸಾಲುಗಳಿಗೆ ಉತ್ತರ ಭಾರತದ ಕುಟುಂಬಗಳು ಬಂದವು. ಸುತ್ತಲೂ ಆನಮಲೈ ಹುಲಿ ಸಂರಕ್ಷಿತ ಪ್ರದೇಶ. ತೋಟದ ನಡುವೆ ಆನೆ, ಚಿರತೆಗಳ ಓಡಾಟ. 2025ರ ಜೂನ್ ತಿಂಗಳಿನಲ್ಲಿ ಝಾರ್ಖಂಡ್ ಮೂಲದ ಕಾರ್ಮಿಕ ಕುಟುಂಬವೊಂದರ ಪುಟ್ಟ ಮಗುವನ್ನು ಮನೆಯ ಬಳಿಯಿಂದಲೇ ಚಿರತೆ ಹೊತ್ತೊಯ್ದಿತು. ವಸತಿ ಎಂದರೆ ನಾಲ್ಕು ಗೋಡೆ ಮಾತ್ರವಲ್ಲ, ಅಂಗಳದ ದೀಪ, ಮನೆಗೆ ತಾಗಿದ ಶೌಚಾಲಯ, ಪೊದೆ ತೆಗೆದ ದಾರಿ, ಮಕ್ಕಳು ಆಡಲು ಭದ್ರವಾದ ಒಂದು ಜಾಗ ಎಂಬುದನ್ನು ಆ ಸಾವು ನೆನಪಿಸಿತು.

ಯೋಜನೆಗಳ ನಡುವಿನ ಬಿರುಕು

ತಮಿಳುನಾಡು ಸರಕಾರ 2024ರಲ್ಲಿ ಆರಂಭಿಸಿದ ‘ಕಲೈಞರಿನ್ ಕನವು ಇಲ್ಲಂ’ ಯೋಜನೆ ಪ್ರತಿ ಮನೆಗೆ ಮೂರೂವರೆ ಲಕ್ಷ ರೂಪಾಯಿ ಕೊಡುತ್ತದೆ. 2030ರೊಳಗೆ ಗುಡಿಸಲುಗಳಿಲ್ಲದ ರಾಜ್ಯ ಅದರ ಗುರಿ. ಆದರೆ ಅದು ಗ್ರಾಮ ಪಂಚಾಯತಿಗಳ ಯೋಜನೆ. ವಾಲ್ಪಾರೈ ಎಷ್ಟೇ ಗುಡ್ಡಗಾಡಾಗಿದ್ದರೂ ಕಾಗದದ ಮೇಲೆ ನಗರಸಭೆ. ನಗರದವರಿಗಾಗಿ ಪ್ರಧಾನಮಂತ್ರಿ ಆವಾಸ್ ಯೋಜನೆಯಿದೆ. ಅದರಲ್ಲಿ ಫಲಾನುಭವಿ ತಾನೇ ಮನೆ ಕಟ್ಟಿಕೊಳ್ಳುವುದಾದರೆ ನೆಲ ಅವನದಾಗಿರಬೇಕು. ಲೈನ್‌ಮನೆಯವರ ಬಳಿ ಪಟ್ಟಾ ಎಲ್ಲಿಂದ ಬರಬೇಕು? ಉಳಿದದ್ದು ನಗರ ವಸತಿ ಅಭಿವೃದ್ಧಿ ಮಂಡಳಿಯ ಬಹುಮಹಡಿ ಸಮುಚ್ಚಯಗಳು. ಕಾಡು ಮತ್ತು ತೋಟಗಳ ನಡುವೆ ಅವಕ್ಕೆ ಬೇಕಾದ ಸಮತಟ್ಟು ಸರಕಾರಿ ಭೂಮಿ ವಿರಳ. ಹಾಗಾಗಿ ಅವು ಏಳುವುದು ಸಾಮಾನ್ಯವಾಗಿ ಕೆಳಗಿನ ಬಯಲಿನಲ್ಲಿ, ಕೆಲಸದಿಂದ ದೂರದಲ್ಲಿ.

ತಿರುನೆಲ್ವೇಲಿಯ ಮಾಂಜೋಲೈಯಲ್ಲಿ ನಡೆದದ್ದೂ ಇದೇ. 1929ರಲ್ಲಿ 99 ವರ್ಷಗಳಿಗೆ ಪಡೆದ ಗುತ್ತಿಗೆ 2028ಕ್ಕೆ ಮುಗಿಯಲಿದ್ದು, ಕಂಪನಿ 2024ರಲ್ಲೇ ಕಾರ್ಮಿಕರಿಗೆ ಸ್ವಯಂ ನಿವೃತ್ತಿ ನೀಡಿತು. ತೋಟದ ಬದುಕು ಒಂದೇ ವರ್ಷದಲ್ಲಿ ನ್ಯಾಯಾಲಯದ ಪುನರ್ವಸತಿ ಪ್ರಕರಣವಾಗಿ ಮಾರ್ಪಟ್ಟಿತು. ಕನ್ನಡ ನಾಡಿನ ಅನುಭವವೂ ಬೇರೆಯಲ್ಲ. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ಗುಡಿಸಲು ಕಳೆದುಕೊಂಡ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳಲ್ಲಿ ಅನೇಕರು ಕಾಫಿ ತೋಟದ ಲೈನ್‌ಮನೆಗಳನ್ನು ಬಿಟ್ಟು ಬಂದವರು. ಹೋರಾಟದ ನಂತರ ಅವರಿಗೆ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಿವೇಶನ ದೊರೆಯಿತು. ಮೊದಲೇ ಯೋಜಿಸಿದ್ದರೆ ಆಡಳಿತದ ಕೆಲಸವಾಗಿ ಮುಗಿಯಬಹುದಾಗಿದ್ದದ್ದು, ಯೋಜಿಸದೆ ಉಳಿದಾಗ ಬೀದಿಯ ಸಂಕಟವಾಗುತ್ತದೆ.

ಹತ್ತು ಮಕ್ಕಳ ಲೆಕ್ಕ

ಇದರಲ್ಲಿ ನಮ್ಮ ಶಾಲೆಗಳ ಪಾಲೇನು? 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಭಾಷಾ ಅಲ್ಪಸಂಖ್ಯಾತರಿಗೆ ಒಂದು ಅಳತೆಗೋಲನ್ನು ಕೊಟ್ಟಿತು. ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಮಾಡಬೇಕು ಎಂಬುದು ಆ ಸೂತ್ರ. ಸಂವಿಧಾನದ 350ಎ ವಿಧಿ ಈ ಆಶಯಕ್ಕೆ ಬಲ ಕೊಟ್ಟಿತು. ಆದರೆ ಸೂತ್ರ ಎಣಿಸುವುದು ಒಂದೇ ಕಡೆ ಸೇರಿದ ಮಕ್ಕಳನ್ನು. ಹತ್ತು ಕನ್ನಡ ಮಕ್ಕಳು ಒಂದು ಬೀದಿಯಲ್ಲಿದ್ದರೆ ಒಂದು ತರಗತಿ; ಅವರೇ ಐದು ಬಡಾವಣೆಗಳಿಗೆ ಹಂಚಿಹೋದರೆ ಯಾವ ತರಗತಿಯೂ ಇಲ್ಲ. ಮಕ್ಕಳ ಸಂಖ್ಯೆ ಬದಲಾಗಿರುವುದಿಲ್ಲ, ಹಕ್ಕು ಮಾತ್ರ ಇಲ್ಲವಾಗಿರುತ್ತದೆ. ತಮಿಳು ಮಕ್ಕಳಿಗೆ ಬಯಲಿನ ಹೊಸ ಬಡಾವಣೆಯಲ್ಲಿಯೂ ತಮಿಳು ಶಾಲೆ ಸಿಗುತ್ತದೆ. ನಮ್ಮ ಮಕ್ಕಳಿಗೆ ಆ ಭರವಸೆಯಿಲ್ಲ. ಆದುದರಿಂದ ನಿವೇಶನ ಎಲ್ಲಿ ಎಂಬ ಪ್ರಶ್ನೆ ಬಹುಸಂಖ್ಯಾತರಿಗೆ ಅನುಕೂಲದ ಪ್ರಶ್ನೆಯಾದರೆ, ನಮಗೆ ಶಾಲೆಯ ಅಳಿವು ಉಳಿವಿನ ಪ್ರಶ್ನೆ.

ಈ ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ. 1964ರ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿವೆ. ಅಲ್ಲಿ ಅಲ್ಪಸಂಖ್ಯಾತರು ಅವರು. ತಾಳವಾಡಿಯಲ್ಲಿ ನಾವು ಕೇಳುವ ನ್ಯಾಯವನ್ನೇ ಸುಳ್ಯದಲ್ಲಿ ಅವರಿಗೂ ಕೇಳಿದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಕಾಸರಗೋಡಿನ ಓದುಗರು ಕೇರಳದ ಲೈಫ್ ಮಿಷನ್ ಅನ್ನು ಬಲ್ಲರು. ಮನೆಯೊಂದಕ್ಕೆ ನಾಲ್ಕು ಲಕ್ಷ ರೂಪಾಯಿ ನೆರವು, ಸ್ಥಳೀಯ ಸಂಸ್ಥೆಯ ಮೂಲಕ ಅನುಷ್ಠಾನ, ಗ್ರಾಮಸಭೆಯಲ್ಲಿ ಪಟ್ಟಿಗೆ ಒಪ್ಪಿಗೆ ಇವು ಅದರ ಗುಣಗಳು. ಭೂಮಿ ಇಲ್ಲದವರಿಗಾಗಿ ದಾನಿಗಳಿಂದ ನೆಲ ಕೇಳುವ ಅಭಿಯಾನವನ್ನೂ ಅಲ್ಲಿ ನಡೆಸಲಾಯಿತು. ಪಟ್ಟಿ ಊರಿನವರ ಎದುರು ಓದಲ್ಪಡುವುದರಿಂದ ಪ್ರಶ್ನಿಸುವ ಅವಕಾಶವಿದೆ. ಹೊಸ ನಿವೇಶನದಿಂದ ಕನ್ನಡ ಶಾಲೆ ಎಷ್ಟು ದೂರ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಬೇಕಾದವರು ನಾವೇ.

ಈಗ ಮಾಡಬಹುದಾದದ್ದು

ಮುಂದಿನ ಜನಗಣತಿಗೆ ಎರಡು ಹಂತಗಳು: 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಮೊದಲ ಹಂತದಲ್ಲಿ ಮನೆ ಸ್ವಂತದ್ದೋ ಅಲ್ಲವೋ, ಛಾವಣಿ, ಶೌಚಾಲಯ, ನೀರು ಹೇಗಿವೆ ಎಂಬುದು ದಾಖಲಾಗುತ್ತದೆ; ಎರಡನೆಯದು ಮಾತೃಭಾಷೆಯ ಲೆಕ್ಕ. ಮುಂದಿನ ಹತ್ತು ವರ್ಷಗಳ ವಸತಿ ಮತ್ತು ಶಾಲಾ ಯೋಜನೆಗಳೆರಡೂ ಈ ಉತ್ತರಗಳ ಮೇಲೆ ನಿಲ್ಲುತ್ತವೆ. ಮನೆಮಾತು ಕನ್ನಡವಾಗಿದ್ದರೆ ಕನ್ನಡವೆಂದೇ ಬರೆಸಬೇಕು. ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ಕ್ಕಿಂತ ಹೆಚ್ಚಿದ್ದರೆ ಮುಖ್ಯ ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬ ರಾಷ್ಟ್ರೀಯ ಒಪ್ಪಂದಕ್ಕೂ ಆಧಾರ ಈ ಲೆಕ್ಕವೇ. ವಸತಿ ಯೋಜನೆಯ ಅರ್ಜಿ ಮತ್ತು ಫಲಾನುಭವಿಗಳ ಪಟ್ಟಿ ಇಂತಹ ಸೂಚನೆಗಳಲ್ಲಿ ಮೊದಲನೆಯವು.

ತಮಿಳುನಾಡಿನಲ್ಲಿ 2022ರಿಂದ ವರ್ಷಕ್ಕೆ ಆರು ಗ್ರಾಮಸಭೆಗಳು ನಡೆಯಬೇಕು. ಅವುಗಳಲ್ಲೊಂದು ನವೆಂಬರ್ 1ರಂದು, ಅಂದರೆ ನಮ್ಮ ರಾಜ್ಯೋತ್ಸವದ ದಿನದಂದೇ. ತಾಳವಾಡಿ, ಹೊಸೂರು ಭಾಗದ ಪಾಲಕರು ಅಂದು ಧ್ವಜವಂದನೆಯ ಬಳಿಕ ಗ್ರಾಮಸಭೆಗೂ ಹೋಗಿ, ಹೊಸ ಮನೆಗಳ ಜಾಗವನ್ನು ಗುರುತಿಸುವಾಗ ಕನ್ನಡ ಶಾಲೆಯಿಂದ ಒಂದು ಕಿಲೋಮೀಟರಿನ ಒಳಗಿನ ನೆಲಕ್ಕೆ ಆದ್ಯತೆ ಕೊಡಬೇಕೆಂದು ನಿರ್ಣಯ ಬರೆಸಬಹುದು. ಶಿಕ್ಷಣ ಹಕ್ಕು ನಿಯಮಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಒಪ್ಪಿಕೊಂಡಿರುವ ದೂರ ಅದೇ.

ವಾಲ್ಪಾರೈಯಂತಹ ನಗರಸಭೆಗಳ ಮಾತು ಬೇರೆ. 2022ರ ಫೆಬ್ರವರಿಯಲ್ಲಿ ಆಯ್ಕೆಯಾದ ನಗರ ಸಂಸ್ಥೆಗಳ ಐದು ವರ್ಷಗಳ ಅವಧಿ 2027ರ ಆರಂಭಕ್ಕೆ ಮುಗಿಯುತ್ತದೆ. ನಿವೃತ್ತ ತೋಟ ಕಾರ್ಮಿಕರಿಗೆ ಊರಿನಲ್ಲಿಯೇ ನಿವೇಶನ, ಗುಡ್ಡಗಾಡು ನಗರಸಭೆಗಳಿಗೆ ಗ್ರಾಮೀಣ ಯೋಜನೆಯ ನೆರವು, ಹೊಸ ಸಂಹಿತೆಯ ರಾಜ್ಯ ನಿಯಮಗಳಲ್ಲಿ ನಿವೃತ್ತಿಯ ನಂತರದ ವಾಸಕ್ಕೆ ಸ್ಪಷ್ಟ ಅವಧಿ, ಈ ಮೂರನ್ನು ಅಭ್ಯರ್ಥಿಗಳಿಂದ ಕೇಳಲು ಅದು ತಕ್ಕ ಸಮಯ. ವಾಲ್ಪಾರೈಯ ಕಾರ್ಮಿಕರು ಇದನ್ನು ತಮಿಳಿನಲ್ಲಿ ಕೇಳಲಿ, ನಾವು ಕನ್ನಡದಲ್ಲಿ ಕೇಳೋಣ. ಜೂನ್ ತಿಂಗಳಿನಲ್ಲಿ ಶಾಲೆಯ ಹಾಜರಿ ಪುಸ್ತಕ ತೆರೆದಾಗ ಹತ್ತನೆಯ ಹೆಸರು ಇರುತ್ತದೆಯೋ ಇಲ್ಲವೋ ಎಂಬುದು, ಯಾವುದೋ ವಸತಿ ಪಟ್ಟಿಯಲ್ಲಿ ಬಹಳ ಮೊದಲೇ ತೀರ್ಮಾನವಾಗಿರುತ್ತದೆ.