ಹರಿದ ಹುರಿಯೂ ನಮ್ಮ ವಿದ್ಯೆಯೂ

ಬೇಸಗೆಯಲ್ಲಿ ಕಲಬುರಗಿಯ ಉಷ್ಣಮಾನ 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಆ ದಿನಗಳಲ್ಲಿ ಪಂಖವನ್ನು ಭೋಗದ ವಸ್ತುವೆನ್ನಲಾಗದು. ಮುದುಕರ ನಿದ್ದೆ, ಕೂಸಿನ ನೆಮ್ಮದಿ, ಪರೀಕ್ಷೆಗೆ ಓದುವವನ ಏಕಾಗ್ರತೆ ಎಲ್ಲವೂ ಅದನ್ನೇ ನಂಬಿರುತ್ತವೆ. ಇಂಥ ಪಂಖ ಒಂದು ಗೇಣು ಹುರಿ ಹರಿದ ಕಾರಣಕ್ಕೆ ನಿಂತುಹೋದರೆ, ಪದವಿಗೆ ಓದುವ ನಮ್ಮಂಥವರಲ್ಲಿ ಹೆಚ್ಚಿನವರು ತಲೆಯೆತ್ತಿ ನೋಡುತ್ತಾರೆ. ಬಳಿಕ ಹೊಸದರ ಬೆಲೆ ಕೇಳುತ್ತಾರೆ. ಈ ಅಸಹಾಯಕತೆ ವಿದ್ಯಾವಂತರಿಗೆ ಶೋಭಿಸದೆಂದು ನನ್ನ ಅಭಿಪ್ರಾಯ.

ಅಮೆರಿಕದ ಮನೆಗಳಲ್ಲಿ ಚಾವಣಿಯ ಪಂಖದಿಂದಲೇ ಸರಪಳಿ ಇಳಿಬಿಟ್ಟಿರುವುದುಂಟು. ನಮ್ಮಲ್ಲಿ ಅದರ ಗುಂಡಿಯೂ ರೆಗ್ಯುಲೇಟರೂ ಗೋಡೆಯ ಮೇಲಿರುತ್ತವೆ. ನಮಗೆ ಹುರಿಯ ಪರಿಚಯವಿರುವುದು ಅಂಗಡಿ, ಖಾನಾವಳಿಗಳ ಗೋಡೆಪಂಖದಲ್ಲಿ. ಅದರ ಮರ್ಮ ಸರಳವಾದುದು. ಹುರಿಯ ಮೇಲ್ತುದಿ ಸ್ವಿಚ್ಚಿನೊಳಗಿನ ಹಲ್ಲುಚಕ್ರಕ್ಕೆ ಸೇರಿರುತ್ತದೆ. ಒಮ್ಮೆ ಎಳೆದರೆ ಚಕ್ರ ಒಂದು ಹೆಜ್ಜೆ ತಿರುಗಿ ವೇಗ ಬದಲಾಗುತ್ತದೆ. ಸ್ಪ್ರಿಂಗು ಹುರಿಯನ್ನು ಮತ್ತೆ ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಓರೆಯಾಗಿ ಜಗ್ಗಿದರೆ ಹುರಿ ಸ್ವಿಚ್ಚಿನ ಬಾಯಂಚಿಗೆ ಉಜ್ಜಿ ಸವೆಯುತ್ತದೆ. ಹೊರಗೆ ಹರಿದಿದ್ದರೆ ನೈಲಾನ್ ದಾರ ಕಟ್ಟಿದರಾಯಿತು. ಬಾಯೊಳಗೇ ತುಂಡಾಗಿದ್ದರೆ ಮೊದಲು ಪ್ಲಗ್ಗು ಕೀಳಬೇಕು. ಬರಿಯ ಗುಂಡಿ ಆರಿಸಿದರೆ ಸಾಲದು. ಬಳಿಕ ಮುಚ್ಚಳ ಬಿಚ್ಚಿ, ಯಾವ ಬಣ್ಣದ ತಂತಿ ಎಲ್ಲಿತ್ತೆಂಬುದನ್ನು ಬರೆದುಕೊಂಡು, ಅದೇ ಬಗೆಯ ಸ್ವಿಚ್ಚನ್ನು ಕೂಡಿಸಬೇಕು. ತಂತಿಯ ಕೆಲಸ ತಿಳಿಯದವರು ಮಿಸ್ತ್ರಿಯನ್ನು ಕರೆಯುವುದೇ ವಿವೇಕ; ಕರೆದ ಮೇಲೆ ಅವನ ಕೂಲಿಗೆ ಚೌಕಾಶಿ ಮಾಡದಿರುವುದು ಸೌಜನ್ಯ.

“ಕಲಾ ವಿಭಾಗದವರಿಗೇಕೆ ಈ ಉಸಾಬರಿ?” ಎಂದು ಕೇಳುವವರುಂಟು. ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದಿನ ಮಾರ್ಗವಾಗಿ ಹೋದರೆ ಬಸವಕಲ್ಯಾಣ ಸಿಕ್ಕುತ್ತದೆ. 12ನೆಯ ಶತಮಾನದಲ್ಲಿ ಅಲ್ಲಿಯ ಶರಣರ ನಡುವೆ ಹುಲ್ಲಿನ ಹಗ್ಗ ಹೊಸೆದು ಮಾರುವ ನುಲಿಯ ಚಂದಯ್ಯನಿದ್ದ. ಅವನು ಹಗ್ಗವನ್ನೂ ಹೊಸೆದ, ವಚನವನ್ನೂ ರಚಿಸಿದ. ಆ ವಚನಗಳನ್ನು ಪಠ್ಯವೆಂದು ಓದುವ ನಾವು ಹುರಿಗೆ ಒಂದು ಗಂಟು ಹಾಕಲು ನಾಚುವುದು ವಿಚಿತ್ರವಲ್ಲವೆ? ಕೈಕಸುಬಿನ ಮೂಲಕವೇ ಶಿಕ್ಷಣ ಸಾಗಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಪ್ರತಿಪಾದಿಸಿದರು. ನಾವು ಅದನ್ನು ಪ್ರಶ್ನೋತ್ತರವಾಗಿ ಬಾಯಿಪಾಠ ಮಾಡಿ ಅಂಕ ಪಡೆದು ಸುಮ್ಮನಾಗಿದ್ದೇವೆ.

ಕಮಲಾಪುರದ ಸುತ್ತಿನ ಹಳ್ಳಿಯ ಬಡಮನೆಗೆ ಹೊಸ ಪಂಖವೆಂದರೆ ಹಲವು ದಿನಗಳ ಕೂಲಿ. ಅಲ್ಲಿ ರಿಪೇರಿಯ ಜ್ಞಾನ ಹಣವನ್ನೂ ಉಳಿಸುತ್ತದೆ, ಮಾನವನ್ನೂ ಉಳಿಸುತ್ತದೆ. ಆದರೆ ಜ್ಞಾನವೊಂದೇ ಸಾಲದು, ಬಿಡಿಭಾಗಗಳೂ ಸಿಕ್ಕಬೇಕು. ಕೇಂದ್ರ ಸರ್ಕಾರವು 2022ರಲ್ಲಿ ‘ರಿಪೇರಿಯ ಹಕ್ಕಿ’ನ ವಿಚಾರಕ್ಕಾಗಿ ಸಮಿತಿಯೊಂದನ್ನು ರಚಿಸಿದ್ದು ಈ ಕಾರಣದಿಂದ ಸ್ವಾಗತಾರ್ಹ. ಹಕ್ಕು ಕೇಳುವವನ ಕೈಗೆ ಸ್ಕ್ರೂಡ್ರೈವರ್ ಹಿಡಿಯುವ ಅಭ್ಯಾಸವಿದ್ದರೆ ಮಾತ್ರ ಆ ಹಕ್ಕು ಫಲಿಸೀತು.

ಆದುದರಿಂದ ನನ್ನ ಸೂಚನೆ ಇಷ್ಟೆ: ವಾರಕ್ಕೊಂದು ಗಂಟೆ ಊರಿನ ಮಿಸ್ತ್ರಿಯೊಬ್ಬರನ್ನು ಕಾಲೇಜಿಗೆ ಕರೆಸಿ, ತಕ್ಕ ಸಂಭಾವನೆ ಕೊಟ್ಟು, ಪಾಠ ಹೇಳಿಸಬೇಕು. ಅವರು ಒಳಗೆ ಬಂದಾಗ, ಪ್ರಾಧ್ಯಾಪಕರಿಗೆ ಏಳುವಂತೆಯೇ ನಾವೆಲ್ಲರೂ ಎದ್ದು ನಿಲ್ಲಬೇಕು.