ಅಂಗಳದ ಕಲ್ಲುಗಳನ್ನು ಕಾಣದ ಯಾತ್ರಿಕರು

ಆಗಸ್ಟ್ ತಿಂಗಳು ಕಾಲಿಡುತ್ತಿದ್ದಂತೆಯೇ ನಮ್ಮ ಧರ್ಮಕೇಂದ್ರಗಳಲ್ಲಿ ವೇಲಾಂಕಣಿಯ ಮಾತು ಆರಂಭವಾಗುತ್ತದೆ. ವಾಡಿಯಿಂದ ಯಾವ ಗಾಡಿ, ಎಷ್ಟು ಟಿಕೆಟ್ಟು, ಮುದುಕರಿಗೆ ಕೆಳಗಿನ ಬರ್ತು ದೊರೆಯುವುದೇ ಎಂಬ ಚರ್ಚೆ ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಮೆಟ್ಟಿಲ ಮೇಲೆಯೇ ನಡೆಯುತ್ತದೆ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮೋತ್ಸವಕ್ಕೆ ಅಷ್ಟು ದೂರ ಹೋಗಿ ಬರುವ ಭಕ್ತಿ ದೊಡ್ಡದು. ಅದನ್ನು ಹಗುರಾಗಿ ಕಾಣುವ ಉದ್ದೇಶ ನಮಗಿಲ್ಲ. ಆದರೆ ಹಾಗೆ ಹೋಗಿ ಬಂದವರನ್ನು ‘ನೀವು ಸನ್ನತಿಯನ್ನು ಕಂಡಿದ್ದೀರಾ? ಮಳಖೇಡದ ಕೋಟೆಯ ಬಾಗಿಲನ್ನು ಹೊಕ್ಕಿದ್ದೀರಾ?’ ಎಂದು ಕೇಳಿದರೆ ಬಹುಪಾಲು ಜನರು ನಕ್ಕು ಸುಮ್ಮನಾಗುತ್ತಾರೆ. ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ಸ್ಥಳಗಳಿವು.

ಇದಕ್ಕೆ ಸೋಮಾರಿತನವೊಂದೇ ಕಾರಣವೆಂದು ನಾವು ಭಾವಿಸುವುದಿಲ್ಲ. ಶಹಾಬಾದ, ವಾಡಿಗಳ ಕಥೋಲಿಕ ಕುಟುಂಬಗಳಲ್ಲಿ ಅನೇಕವು ರೈಲ್ವೆ ಮತ್ತು ಸಿಮೆಂಟು ಕಾರ್ಖಾನೆಗಳ ನೌಕರಿಯನ್ನು ಅರಸಿ ಬಂದಂಥವು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆದದ್ದು 1874ರಲ್ಲಿ. ಶಹಾಬಾದಿನ ಸಿಮೆಂಟು ಕಂಪನಿ 1936ರಲ್ಲಿ ಎ.ಸಿ.ಸಿ.ಯಲ್ಲಿ ಲೀನವಾದ ಹಳೆಯ ಕಂಪನಿಗಳಲ್ಲೊಂದು. ತಾತನೋ ಮುತ್ತಾತನೋ ತಮಿಳು, ತೆಲುಗು, ಕೊಂಕಣಿ ಮಾತನಾಡುತ್ತ ಇಲ್ಲಿಗೆ ಬಂದಿಳಿದ. ಮೊಮ್ಮಕ್ಕಳು ಇಲ್ಲಿಯ ಕನ್ನಡದಲ್ಲಿಯೇ ಜಗಳವಾಡುತ್ತಾರೆ, ಕನ್ನಡದಲ್ಲಿಯೇ ಜಪಮಾಲೆ ಹೇಳುತ್ತಾರೆ. ಆದರೂ ‘ನಮ್ಮೂರು’ ಎಂದೊಡನೆ ಮನಸ್ಸು ಬೇರೆಲ್ಲಿಗೋ ಹೋಗುತ್ತದೆ. ಈ ನೆಲದಲ್ಲಿ ನಾಲ್ಕು ತಲೆಮಾರು ಬದುಕಿ, ಇಲ್ಲಿಯೇ ಹಿರಿಯರನ್ನು ಮಣ್ಣು ಮಾಡಿದ ಮೇಲೂ ನಾವು ಅತಿಥಿಗಳಂತೆ ಬಾಳುತ್ತಿದ್ದೇವೆ. ನಾವೇ ಅತಿಥಿಗಳೆಂದುಕೊಂಡರೆ ಪರರು ನಮ್ಮನ್ನು ಮನೆಯವರೆಂದು ಹೇಗೆ ಭಾವಿಸಿಯಾರು?

ಮಳಖೇಡವನ್ನೇ ನೋಡೋಣ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಈ ಹಳ್ಳಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ ವಂಶವನ್ನು ಅರಬ್ಬೀ ವರ್ತಕರು ಲೋಕದ ನಾಲ್ಕು ಮಹಾರಾಜರ ಸಾಲಿನಲ್ಲಿ ಎಣಿಸಿ ಬರೆದಿಟ್ಟರು. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ರೂಪುಗೊಂಡದ್ದು ಈ ಆಸ್ಥಾನದಲ್ಲಿ. ಕಾವೇರಿ ಗೋದಾವರಿಗಳ ನಡುವಣ ನಾಡನ್ನು ಕನ್ನಡನಾಡೆಂದು ಕರೆದ ಅದೇ ಗ್ರಂಥ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತೆಂಬ ಮಾತನ್ನೂ ಹೇಳಿದೆ. ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದದ್ದು ಇದೇ ಅರಸನ ಕಾಲದಲ್ಲಿ. 972ರಲ್ಲಿ ಮಾಳವದ ಪರಮಾರ ಸೀಯಕನು ನಗರವನ್ನು ಸೂರೆಗೊಂಡ. ಇಂದು ಅಲ್ಲಿ ಉಳಿದಿರುವುದು ಶಹಾಬಾದಿನ ಕಲ್ಲಿನ ಬಣ್ಣದ ಕೋಟೆಗೋಡೆ, ನೇಮಿನಾಥ ಬಸದಿ, ಮಾಧ್ವ ಪರಂಪರೆಯ ಜಯತೀರ್ಥರ ವೃಂದಾವನ, ಒಂದು ದರ್ಗಾ. ಎಲ್ಲವೂ ಒಂದೇ ಊರಿನಲ್ಲಿ, ನಡೆದೇ ನೋಡುವಷ್ಟು ಹತ್ತಿರದಲ್ಲಿ.

ಸೇಡಂ ಪಟ್ಟಣದ ಹಳೆಯ ಹೆಸರು ಸೇಡಿಂಬ. 12ನೆಯ ಶತಮಾನದಲ್ಲಿ ಅಲ್ಲಿನ ಮುನ್ನೂರು ಮಹಾಜನರು, ಅಂದರೆ ಅಗ್ರಹಾರದ ಬ್ರಾಹ್ಮಣರು, ಜೈನ ತೀರ್ಥಂಕರ ಶಾಂತಿನಾಥನಿಗೆ ಬಸದಿ ಕಟ್ಟಿಸಿದರೆಂದು ಶಾಸನವಿದೆ. ತಮ್ಮ ದೇವರಲ್ಲದ ದೇವರಿಗೆ ಮನೆ ಕಟ್ಟಿದವರ ಊರು ಅದು. ಚಿತ್ತಾಪುರದ ಪಕ್ಕದ ನಾಗಾವಿ ಇನ್ನೊಂದು ಬಗೆಯ ಅಚ್ಚರಿ. 1058ರ ಶಾಸನದ ಪ್ರಕಾರ ಅಲ್ಲಿದ್ದ ಘಟಿಕಾಸ್ಥಾನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳಿದ್ದರು, ಶಾಸ್ತ್ರ ಕಲಿಯುವವರು ಬೇರೆ; ಅವರಿಗೆ ಊಟ ವಸತಿಯ ಏರ್ಪಾಡಿತ್ತು. ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ನಮ್ಮ ಶಾಲೆಗಳಲ್ಲಿ ಎಷ್ಟು ಕಡೆ ಪೂರ್ಣಾವಧಿಯ ಗ್ರಂಥಪಾಲಕರೊಬ್ಬರಾದರೂ ಇದ್ದಾರೆಂದು ಆಡಳಿತ ಮಂಡಳಿಗಳು ಒಮ್ಮೆ ಎಣಿಸಿ ನೋಡಲಿ.

ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸುವ ಸ್ಥಳ ಭೀಮಾತೀರದ ಸನ್ನತಿ. ಚಂದ್ರಲಾಂಬೆಯ ಕ್ಷೇತ್ರವೆಂದು ಜನ ನಡೆದುಕೊಳ್ಳುವ ಊರು. 1986ರಲ್ಲಿ ಅಲ್ಲಿನ ಕಾಳಿಯ ಗುಡಿಯ ಮಾಡು ಕುಸಿದು ಮೂರ್ತಿ ಭಗ್ನವಾಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಚಪ್ಪಡಿಯನ್ನು ಪರಿಶೀಲಿಸಿದಾಗ ಅದು ಸಾಮ್ರಾಟ ಅಶೋಕನ ಶಾಸನವೆಂಬುದು ಬೆಳಕಿಗೆ ಬಂದಿತು. ಮೂರ್ತಿಯನ್ನು ಕೂರಿಸಲು ನಡುವೆ ಕೊರೆದ ತೂತಿನಿಂದ ಕೆಲವು ಅಕ್ಷರಗಳು ಹೋಗಿವೆ. ಉಳಿದ ಬರಹದಲ್ಲಿ ಅಶೋಕನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಇದೆ. ಆ ಶಾಸನದ ತಿರುಳೇನು? ತನ್ನ ಮತವನ್ನು ಹೊಗಳುವ ಭರದಲ್ಲಿ ಅನ್ಯರ ಮತವನ್ನು ಹೀಗಳೆಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ, ಆದುದರಿಂದ ಮಾತಿಗೆ ಹಿಡಿತವಿರಲಿ ಎಂಬುದು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ಬೌದ್ಧರ ಮಹಾಸ್ತೂಪವೂ, ‘ರಾಯೋ ಅಸೋಕೋ’ ಎಂದು ಬ್ರಾಹ್ಮೀ ಲಿಪಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ದೊರೆತವು. ಆ ಶಿಲಾಫಲಕಗಳು ವರ್ಷಗಟ್ಟಲೆ ಬಿಸಿಲು ಮಳೆಗೆ ಮೈಯೊಡ್ಡಿ ಬಯಲಿನಲ್ಲಿಯೇ ಬಿದ್ದಿದ್ದವು. ಪುರಾತತ್ವ ಇಲಾಖೆಯ ಸಂರಕ್ಷಣಾ ಕಾರ್ಯ ಬಿರುಸು ಪಡೆದದ್ದು ತೀರ ಈಚೆಗೆ, 2022ರ ಹೊತ್ತಿಗೆ. ಇಷ್ಟು ವಿಳಂಬಕ್ಕೆ ಸರಕಾರವನ್ನು ದೂರುವುದು ಸುಲಭ. ಸುತ್ತಲಿನ ಪಟ್ಟಣಗಳಿಂದ ವಾರಕ್ಕೊಂದು ಬಸ್ಸು ತುಂಬ ಜನ ಬಂದು ನೋಡಿ ಕೇಳುತ್ತಿದ್ದರೆ ಆ ಕಲ್ಲುಗಳು ಅಷ್ಟು ಕಾಲ ಅನಾಥವಾಗಿ ಮಲಗಿರುತ್ತಿದ್ದವೇ?

ಐರ್ಲೆಂಡಿನ ಕಿಲ್ಕೆನಿ ಎಂಬ ಪುರಾತನ ಪಟ್ಟಣದ ಸಂಗತಿ ಇಲ್ಲಿ ನೆನಪಾಗುತ್ತದೆ. ಪಾಳು ಬೀಳುತ್ತಿದ್ದ ಅಲ್ಲಿನ ಕೋಟೆಯರಮನೆಯನ್ನು 1967ರಲ್ಲಿ ಅದರ ಒಡೆಯರು ಸ್ಥಳೀಯ ಜೀರ್ಣೋದ್ಧಾರ ಸಮಿತಿಗೆ ಕೇವಲ 50 ಪೌಂಡುಗಳ ನಾಮಮಾತ್ರ ಬೆಲೆಗೆ ಒಪ್ಪಿಸಿದರು. ಊರಿನವರು ಮೊದಲು ಹೆಗಲು ಕೊಟ್ಟರು, ಸರಕಾರ ಅನಂತರ ಬಂದಿತು. ಅದೇ ಊರಿನಲ್ಲಿ 1225ರಲ್ಲಿ ದೊಮಿನಿಕನ್ ಸಂನ್ಯಾಸಿಗಳು ಸ್ಥಾಪಿಸಿದ ಮಠದೇವಾಲಯ, ಮಠಗಳನ್ನು ಮುಚ್ಚಿಸಿದ ಕಾಲದಲ್ಲಿ ನ್ಯಾಯಾಲಯವಾಗಿ ಮಾರ್ಪಟ್ಟಿದ್ದರೂ, ಇಂದು ಮತ್ತೆ ಬಲಿಪೂಜೆ ನಡೆಯುವ ಗುಡಿಯಾಗಿದೆ. ಪ್ರವಾಸಿಗರು ಕೋಟೆಯನ್ನು ನೋಡಲು ಬಂದವರು ದೇವಾಲಯದಲ್ಲಿ ಮೊಣಕಾಲೂರಿ ಹೋಗುತ್ತಾರೆ.

ನಮ್ಮ ಹಿರಿಯರಲ್ಲಿ ಕೆಲವರಿಗೆ ಒಂದು ಅಳುಕಿದೆಯೆಂದು ಬಲ್ಲೆವು: ಗುಡಿ, ಬಸದಿ, ಸ್ತೂಪಗಳಿಗೆ ಹೋಗುವುದು ವಿಶ್ವಾಸಕ್ಕೆ ಸಲ್ಲದೇನೋ ಎಂಬ ಅಳುಕು. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಾರದು. ಮಕ್ಕಳ ಧರ್ಮೋಪದೇಶದ ಹೊಣೆ ಹೊತ್ತವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ ಹಿಂದೂ, ಬೌದ್ಧ ಧರ್ಮಗಳನ್ನು ಹೆಸರಿಸಿ, ಅವುಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಅದಕ್ಕೂ ಬಹು ಹಿಂದೆ ಸಂತ ಪೌಲರು ಅಥೇನ್ಸ್ ನಗರದಲ್ಲಿ ಬಾಯಿ ತೆರೆಯುವ ಮುನ್ನ ಬೀದಿಗಳನ್ನು ಸುತ್ತಿ, ಅಲ್ಲಿನ ಪೂಜಾಸ್ಥಾನಗಳನ್ನು ಕಣ್ಣಿಟ್ಟು ನೋಡಿದ್ದರು. ಅಲ್ಲಿನ ಕವಿಗಳ ಮಾತನ್ನೂ ಬಲ್ಲವರಾಗಿದ್ದರು. ನೋಡುವುದು ಬೇರೆ, ಆರಾಧಿಸುವುದು ಬೇರೆ. ಪಾದರಕ್ಷೆ ಕಳಚಿ, ಮೌನವಾಗಿ, ಅಲ್ಲಿನ ಭಕ್ತರಿಗೆ ಅಡ್ಡಿಯಾಗದಂತೆ ನಿಂತು ನೋಡಿ ಬರುವುದರಿಂದ ಯಾರ ವಿಶ್ವಾಸವೂ ಸಡಿಲವಾಗದು. ನಮ್ಮ ದೇವಾಲಯಗಳಿಗೆ ಬರುವ ಅನ್ಯಧರ್ಮೀಯ ಸೋದರರಿಂದ ನಾವು ಬಯಸುವುದೂ ಇದನ್ನೇ ಅಲ್ಲವೇ?

2005ರಲ್ಲಿ ಕಲಬುರಗಿ ಪ್ರತ್ಯೇಕ ಧರ್ಮಕ್ಷೇತ್ರವಾದ ಮೇಲೆ ಈ ಭಾಗದ ಕಥೋಲಿಕರಿಗೆ ತಮ್ಮದೇ ಆದ ಮನೆ ಎಂಬ ಭಾವ ಮೂಡಿದೆ. ಮನೆಯಾದ ಮೇಲೆ ಅಂಗಳದ ಪರಿಚಯವೂ ಆಗಬೇಕು. ಆದುದರಿಂದ ನಮ್ಮ ಸಲಹೆ ಇಷ್ಟೆ. ವೇಲಾಂಕಣಿಯ ಯಾತ್ರೆ ಎಂದಿನಂತೆ ನಡೆಯಲಿ. ಚಳಿಗಾಲದ ಒಂದು ಭಾನುವಾರ, ಬೆಳಗಿನ ಬಲಿಪೂಜೆ ಮುಗಿದ ಕೂಡಲೇ, ಧರ್ಮೋಪದೇಶ ತರಗತಿಯ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಕೂರಿಸಿಕೊಂಡು ಒಂದು ಬಸ್ಸು ಹೊರಡಲಿ. ವಾಡಿ, ಶಹಾಬಾದ, ಚಿತ್ತಾಪುರದವರಿಗೆ ನಾಗಾವಿ, ಸನ್ನತಿ, ಸೇಡಮಿನವರಿಗೆ ಮಳಖೇಡ. ಚಿಂಚೋಳಿಯವರಿಗಂತೂ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡೂ ಚಂದ್ರಂಪಳ್ಳಿಯ ಜಲಾಶಯವೂ ಮನೆಬಾಗಿಲಲ್ಲೇ ಇವೆ. ಹೋಗುವ ಮುನ್ನ ಇತಿಹಾಸ ಬಲ್ಲ ಶಿಕ್ಷಕರೊಬ್ಬರನ್ನು, ಅವರು ಯಾವ ಧರ್ಮದವರೇ ಆಗಿರಲಿ, ಗೌರವದಿಂದ ಆಹ್ವಾನಿಸಿ ಜೊತೆಗೆ ಕರೆದುಕೊಳ್ಳಿ. ಒಡೆದ ಕಲ್ಲಿನ ಚೂರನ್ನೂ ಜೇಬಿಗೆ ಹಾಕಿಕೊಳ್ಳದಂತೆ ಮಕ್ಕಳಿಗೆ ಮೊದಲೇ ತಿಳಿಸಿರಿ. ರೊಟ್ಟಿ ಶೇಂಗಾ ಚಟ್ನಿಯ ಬುತ್ತಿಯನ್ನೂ ಸಾಕಷ್ಟು ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುವುದು ಲೇಸು. ಕನಗನಹಳ್ಳಿಯ ಬಯಲಿನಲ್ಲಿ ನೆರಳು ಕಡಿಮೆ.